ಎಲ್ಲರೂ ನೂರ್ಕಾಲ ಬಾಳಿದರೆ ಊರಲ್ಲಿ ಜಾಗ ಸಾಕೇ?

ಕಳೆದ ತಿಂಗಳು ನಮ್ಮ ದೊಡ್ಡಣ್ಣನಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ನಡೆಯಿತು. ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಮಾರಂಭ ಅದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅದನ್ನು ಸಾವಿರದಿಂದ ಗುಣಿಸಿ, 365ರಿಂದ ಭಾಗಿಸಿ ನೋಡಿ ಮಕ್ಕಳೇ. 80 ವರ್ಷ ಕಳೆದು ಮೇಲೆ ಹತ್ತು ತಿಂಗಳಾಗುತ್ತದೆ.

ಬಂದವರೆಲ್ಲ ಅಣ್ಣನ ಕಾಲಿಗೆ ನಮಸ್ಕರಿಸಿ, "ನೂರು ವರ್ಷ ತುಂಬಲಿ" ಎಂದು ಹಾರೈಸಿದರು. ಅಣ್ಣ ಮಾತ್ರ ನಕ್ಕು, "ಇನ್ನೂ ಎಷ್ಟು ದಿನಾಪ್ಪ? ಭೂಮಿಗೆ ಭಾರ, ಕೂಳಿಗೆ ದಂಡ" ಅಂದ. ಎಲ್ಲರೂ ನಕ್ಕರು. ಐದನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ನಗಲಿಲ್ಲ.

ಊಟದ ಹೊತ್ತಿಗೆ ಅವಳ ಪ್ರಶ್ನೆ ಹೊರಬಿತ್ತು. ಮೊದಲ ಪಂಕ್ತಿಯವರು ಇನ್ನೂ ಹೋಳಿಗೆ ಮುಗಿಸಿರಲಿಲ್ಲ. ಎರಡನೇ ಪಂಕ್ತಿಯವರಾದ ನಾವು ಅವರ ಕುರ್ಚಿಗಳ ಹಿಂದೆ ಕಾಯುತ್ತ ನಿಂತಿದ್ದೆವು. "ತಾತ, ಇವರು ಏಳದೇ ಇದ್ರೆ ನಾವು ಕೂರೋದೆಲ್ಲಿ? ಹಾಗೇ ಎಲ್ಲರೂ ನೂರು ವರ್ಷ, ನೂರೈವತ್ತು ವರ್ಷ ಬದುಕಿದ್ರೆ ಹೊಸದಾಗಿ ಹುಟ್ಟೋರಿಗೆ ಭೂಮೀಲಿ ಜಾಗ ಎಲ್ಲಿರುತ್ತೆ? ದೊಡ್ಡ ತಾತ ಅದಕ್ಕೇನಾ ಭೂಮಿಗೆ ಭಾರ ಅಂದಿದ್ದು?"

ಪ್ರಶ್ನೆ ಮಕ್ಕಳದ್ದಾದರೂ ಚಿಕ್ಕದಲ್ಲ. ಮುದುಪನ್ನೇ ಮುಂದೂಡುವ ಔಷಧ ಸಿಕ್ಕೀತೇ ಎಂದು ಹಲವು ದೇಶಗಳ ವಿಜ್ಞಾನಿಗಳು ಇಂದು ಹುಡುಕುತ್ತಿದ್ದಾರೆ. ಸಿಕ್ಕರೆ ಜನಸಂಖ್ಯೆ ಏನಾದೀತು ಎಂಬ ಭಯ ದೊಡ್ಡವರಿಗೂ ಇದೆ. ಆ ರಾತ್ರಿ ಮನೆಗೆ ಬಂದು ನಾನೂ ಮೊಮ್ಮಗಳೂ ಲೆಕ್ಕಕ್ಕೆ ಕುಳಿತೆವು. ಆ ಲೆಕ್ಕ ನಿಮಗೂ ಇರಲಿ ಎಂದು ಬರೆಯುತ್ತಿದ್ದೇನೆ.

ಮೂವತ್ತೆರಡರ ಒಗಟು

ಮೊದಲು ನಮ್ಮ ದೇಶದ ಕಥೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಸುಮಾರು 70. ಎರಡು ಪಟ್ಟಿಗಿಂತ ಹೆಚ್ಚು! ಅದೇ ಅವಧಿಯಲ್ಲಿ ಜನಸಂಖ್ಯೆಯೂ ಏರಿತು. 1951ರ ಜನಗಣತಿಯಲ್ಲಿ 36 ಕೋಟಿ ಇದ್ದವರು 2011ರ ಜನಗಣತಿಯಲ್ಲಿ 121 ಕೋಟಿಯಾದೆವು. 2023ರಲ್ಲಿ ಚೀನಾವನ್ನೂ ಹಿಂದೆ ಹಾಕಿದೆವು ಎಂದು ವಿಶ್ವಸಂಸ್ಥೆಯ ಅಂದಾಜು ಹೇಳುತ್ತದೆ.

"ನೋಡಿ ತಾತ, ಆಯುಸ್ಸು ಹೆಚ್ಚಾಯ್ತು, ಜನಾನೂ ಹೆಚ್ಚಾದ್ರು" ಎಂದಳು ಮೊಮ್ಮಗಳು. ಆಮೇಲೆ ಅವಳಿಗೇ ಅನುಮಾನ ಬಂತು. "ಹಾಗಾದ್ರೆ ಆಗ ಎಲ್ಲರೂ 32ಕ್ಕೇ ಸತ್ತುಹೋಗ್ತಿದ್ರಾ? ನಿಮ್ಮ ತಾತ ಎಂಬತ್ತು ವರ್ಷ ಇದ್ದರು ಅಂತೀರಲ್ಲ?"

ಒಗಟು ಇರುವುದು ಸರಾಸರಿ ಎಂಬ ಮಾತಿನಲ್ಲಿ. ಒಂದು ಮಗು ಹುಟ್ಟಿದ ದಿನವೇ ತೀರಿಕೊಂಡಿತು, ಇನ್ನೊಂದು 64 ವರ್ಷ ಬಾಳಿತು ಎನ್ನಿ. ಇಬ್ಬರ ಸರಾಸರಿ 32. ಆದರೆ 32ಕ್ಕೆ ಸತ್ತವರು ಯಾರೂ ಇಲ್ಲ! ಆ ಕಾಲದ ಲೆಕ್ಕವೂ ಹೀಗೆಯೇ. ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದದ್ದು ಮುಖ್ಯವಾಗಿ ತೊಟ್ಟಿಲಲ್ಲೇ ಕಣ್ಣುಮುಚ್ಚುತ್ತಿದ್ದ ಕಂದಮ್ಮಗಳು. "ಹೆತ್ತದ್ದು ಒಂಬತ್ತು, ಉಳಿದದ್ದು ಆರು" ಎಂಬ ಮಾತನ್ನು ಕೇಳದೆ ಬೆಳೆದ ಅಜ್ಜಿ ತಾತಂದಿರು ಕಡಿಮೆ. ಸಿಡುಬು, ವಾಂತಿಭೇದಿ, ಮಲೇರಿಯಾ, ಪ್ಲೇಗು ಒಂದರ ಹಿಂದೆ ಒಂದು ಬರುತ್ತಿದ್ದವು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದೇ 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಓಡಿಸಿದ ಮೇಲೆ.

ಆಮೇಲೆ ಲಸಿಕೆ ಬಂತು, ಒಳ್ಳೆಯ ನೀರು ಬಂತು, ಹೆರಿಗೆ ಆಸ್ಪತ್ರೆ ಬಂತು. 1971ರಲ್ಲೂ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2023ರಲ್ಲಿ ಆ ಸಂಖ್ಯೆ 25ಕ್ಕೆ ಇಳಿದಿದೆ. ಮುದುಕರೂ ಮೊದಲಿಗಿಂತ ಹೆಚ್ಚು ಕಾಲ ಬಾಳುತ್ತಿದ್ದಾರೆ, ನಿಜ. ಆದರೆ ಜನಸಂಖ್ಯೆ ಏರಿದ್ದಕ್ಕೆ ದೊಡ್ಡ ಕಾರಣ, ಮಕ್ಕಳು ಉಳಿದುಕೊಂಡರು. ಉಳಿದ ಮಕ್ಕಳು ಬೆಳೆದು ತಾವೂ ತಂದೆತಾಯಿಯರಾದರು. ಅಜ್ಜಿ ತಾತಂದಿರು ಪಂಕ್ತಿಯಿಂದ ಏಳದೆ ಕುಳಿತದ್ದರಿಂದ ಆದದ್ದಲ್ಲ ಇದು.

ಸೇರು, ಅಚ್ಚೇರು, ಪಾವು

"ಸರಿ, ಮುಂದೆ ನಿಜವಾಗಲೂ ಎಲ್ಲರೂ ನೂರೈವತ್ತು ವರ್ಷ ಬದುಕಿದ್ರೆ?" ಎಂದು ಮೊಮ್ಮಗಳು ಬಿಡಲಿಲ್ಲ. ಅಡುಗೆಮನೆಯ ಅಟ್ಟದಿಂದ ಹಳೆಯ ಅಳತೆಯ ಪಾತ್ರೆಗಳನ್ನು ಇಳಿಸಿದೆವು. ಇಂದಿನ ಮಕ್ಕಳಿಗೆ ಕಿಲೋ, ಗ್ರಾಮು ಗೊತ್ತು, ಸೇರು ಗೊತ್ತಿಲ್ಲ. ಒಂದು ಸೇರಿನ ಅರ್ಧ ಅಚ್ಚೇರು. ಅದರ ಅರ್ಧ ಪಾವು. ಅದರ ಅರ್ಧ ಅರ್ಧಪಾವು. ಅದರ ಅರ್ಧ ಚಟಾಕು. ನೆಲದ ಮೇಲೆ ಪಂಚೆ ಹಾಸಿ ಅಕ್ಕಿ ಅಳೆದು ಮೂರು ಆಟ ಆಡಿದೆವು. ಒಂದು ರಾಶಿ ಅಕ್ಕಿ ಎಂದರೆ ಒಂದು ತಲೆಮಾರು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ 25 ವರ್ಷ.

ಮೊದಲ ಆಟ: ಪ್ರತಿ ಗಂಡ ಹೆಂಡತಿಗೆ ಇಬ್ಬರು ಮಕ್ಕಳು. ಇಬ್ಬರ ಜಾಗಕ್ಕೆ ಇಬ್ಬರು, ಆದ್ದರಿಂದ ಪ್ರತಿ ತಲೆಮಾರೂ ಒಂದೊಂದು ಸೇರು. ಎಲ್ಲರೂ 75 ವರ್ಷ ಬಾಳಿದರೆ ಪಂಚೆಯ ಮೇಲೆ ಯಾವಾಗಲೂ ಮೂರು ಸೇರು ಇರುತ್ತದೆ: ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ. ನಾಲ್ಕನೆಯದು ಬರುವಾಗ ಮೊದಲನೆಯದು ಹೋಗುತ್ತದೆ. ಈಗ ಆಯುಸ್ಸು 150 ಆಯಿತು ಎನ್ನಿ. ಮೊದಲ ಸೇರು ಹೋಗುವುದಿಲ್ಲ. ನಾಲ್ಕು, ಐದು, ಆರು ಸೇರಾಗುತ್ತದೆ. ಏಳನೆಯದು ಬರುವ ಹೊತ್ತಿಗೆ ಮೊದಲನೆಯದು ಹೊರಡುತ್ತದೆ. ಅಂದರೆ ಜನಸಂಖ್ಯೆ ಎರಡು ಪಟ್ಟಾಯಿತು. ಇದು ಸಣ್ಣ ಮಾತಲ್ಲ. ಎರಡು ಪಟ್ಟು ಜನಕ್ಕೆ ಎರಡು ಪಟ್ಟು ಅನ್ನ, ನೀರು, ಮನೆ ಬೇಕು. ಆದರೆ ಗಮನಿಸಿ: ಆ ಏರಿಕೆಗೆ 75 ವರ್ಷ ಹಿಡಿಯಿತು, ಮತ್ತು ಅದು ಆರಕ್ಕೆ ನಿಂತೇಹೋಯಿತು.

ಎರಡನೆಯ ಆಟ: ಪ್ರತಿ ಗಂಡ ಹೆಂಡತಿಗೆ ನಾಲ್ವರು ಮಕ್ಕಳು, ಎಲ್ಲರೂ ಉಳಿದುಕೊಂಡರು. ಆಯುಸ್ಸು ಮಾತ್ರ 75. ಈಗ ತಲೆಮಾರುಗಳು ಒಂದು ಸೇರು, ಎರಡು, ನಾಲ್ಕು, ಎಂಟು, ಹದಿನಾರು. ಹಳೆಯ ರಾಶಿಗಳನ್ನು ಸಮಯಕ್ಕೆ ಸರಿಯಾಗಿ ತೆಗೆಯುತ್ತಲೇ ಹೋದರೂ ಪಂಚೆಯ ಮೇಲೆ ಮೊದಲು ಏಳು ಸೇರು, ಆಮೇಲೆ ಹದಿನಾಲ್ಕು, ಆಮೇಲೆ ಇಪ್ಪತ್ತೆಂಟು! ನಮ್ಮ ಡಬ್ಬದಲ್ಲಿ ಅಕ್ಕಿ ಮುಗಿಯಿತು, ಆಟ ಮುಗಿಯಲಿಲ್ಲ.

ಮೂರನೆಯ ಆಟ: ಪ್ರತಿ ಗಂಡ ಹೆಂಡತಿಗೆ ಒಂದೇ ಮಗು. ಯಾರೂ ಸಾಯುವುದೇ ಇಲ್ಲ! ಮೊದಲ ತಲೆಮಾರು ಒಂದು ಸೇರು, ಮುಂದಿನದು ಅಚ್ಚೇರು, ಆಮೇಲೆ ಪಾವು, ಅರ್ಧಪಾವು, ಚಟಾಕು. ಎಲ್ಲವನ್ನೂ ಒಟ್ಟು ಸೇರಿಸಿ ಅಳೆದೆವು. ಎರಡು ಸೇರಿಗೆ ಒಂದೇ ಒಂದು ಚಟಾಕು ಕಡಿಮೆ. ಮುಂದೆ ಅರ್ಧ ಚಟಾಕು, ಕಾಲು ಚಟಾಕು ಎಂದು ಎಷ್ಟು ಸೇರಿಸುತ್ತ ಹೋದರೂ ಅದು ಎರಡು ಸೇರು ದಾಟುವುದಿಲ್ಲ. ಯಾರೂ ಸಾಯದ ಊರಿನಲ್ಲೂ ಜನ ಎರಡು ಪಟ್ಟಿಗಿಂತ ಹೆಚ್ಚಾಗಲಿಲ್ಲ!

ಮೊಮ್ಮಗಳು ಬಹಳ ಹೊತ್ತು ಅಕ್ಕಿಯನ್ನೇ ನೋಡಿದಳು. "ಹೆಚ್ಚು ದಿನ ಬದುಕೋದು ಕೂಡೋ ಲೆಕ್ಕ. ಹೆಚ್ಚು ಮಕ್ಕಳು ಹುಟ್ಟೋದು ಗುಣಿಸೋ ಲೆಕ್ಕ. ಅಲ್ವಾ ತಾತ?" ಅಂದಳು. ಅಷ್ಟೇ ವಿಷಯ.

ಇದೇ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಿದ್ದಾರೆ. ಅಮೆರಿಕದ ಶಿಕಾಗೊದಲ್ಲಿರುವ ಲಿಯೊನಿಡ್ ಗ್ಯಾವ್ರಿಲೊವ್ ಮತ್ತು ನಟಾಲಿಯಾ ಗ್ಯಾವ್ರಿಲೊವಾ ಎಂಬ ವಿಜ್ಞಾನಿಗಳು 2010ರಲ್ಲಿ ಸ್ವೀಡನ್ ದೇಶದ ಅಂಕಿ ಅಂಶ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು: 60 ವರ್ಷ ದಾಟಿದ ಮೇಲೆ ದೇಹ ಮುಪ್ಪಾಗುವುದೇ ನಿಂತುಹೋದರೆ ಏನಾಗುತ್ತದೆ? ನೂರು ವರ್ಷಗಳಲ್ಲಿ ಸ್ವೀಡನ್ನಿನ ಜನಸಂಖ್ಯೆ ಹೆಚ್ಚುವುದು ನೂರಕ್ಕೆ 22ರಷ್ಟು ಮಾತ್ರ ಎಂದು ಉತ್ತರ ಬಂತು. ಅಲ್ಲಿ ಮಕ್ಕಳ ಸಂಖ್ಯೆ ಮೊದಲೇ ಕಡಿಮೆ, ಅದಕ್ಕೇ.

ನಾವು ಯಾವ ಆಟದಲ್ಲಿದ್ದೇವೆ?

ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತ ಎರಡನೆಯ ಆಟದಲ್ಲಿತ್ತು. ಒಬ್ಬ ತಾಯಿಗೆ ಸರಾಸರಿ ಸುಮಾರು ಆರು ಮಕ್ಕಳು. ಅದನ್ನು ಬದಲಿಸುವ ಯತ್ನದಲ್ಲಿ ನಮ್ಮ ನಾಡಿನ ಹೆಸರು ಮೊದಲೇ ಇದೆ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಸಲಹೆ ನೀಡುವ ಸರ್ಕಾರಿ ಚಿಕಿತ್ಸಾಲಯಗಳಿಗೆ ಅಡಿಪಾಯ ಹಾಕಿತು. 1952ರಲ್ಲಿ ಇಡೀ ದೇಶ ಕುಟುಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಗೋಡೆಯ ಮೇಲಿನ ಕೆಂಪು ತ್ರಿಕೋನ, "ನಾವಿಬ್ಬರು, ನಮಗಿಬ್ಬರು" ಎಂಬ ಘೋಷಣೆ ಅಜ್ಜಿ ತಾತಂದಿರಿಗೆ ನೆನಪಿರಬೇಕು.

ಗೋಡೆ ಬರಹಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೆರಡು ಸಂಗತಿ. ಒಂದು, ಹೆಣ್ಣುಮಕ್ಕಳು ಶಾಲೆಗೆ ಹೋದರು. ಮದುವೆಯ ವಯಸ್ಸು ಮುಂದಕ್ಕೆ ಹೋಯಿತು. ಇಪ್ಪತ್ತಕ್ಕೆ ತಾಯಿಯಾಗುವ ಮನೆಯಲ್ಲಿ ನೂರು ವರ್ಷಕ್ಕೆ ಐದು ತಲೆಮಾರು ಬರುತ್ತವೆ, ಇಪ್ಪತ್ತೈದಕ್ಕಾದರೆ ನಾಲ್ಕೇ. ಇನ್ನೊಂದು, ಹುಟ್ಟಿದ ಮಗು ಉಳಿಯುತ್ತದೆ ಎಂಬ ಧೈರ್ಯ ತಂದೆತಾಯಿಗೆ ಬಂತು. ನಾಲ್ಕು ಉಳಿಯಲಿ ಎಂದು ಎಂಟು ಹೆರುವ ಅಗತ್ಯ ತಪ್ಪಿತು. ಹೀಗೆ ಆಯುಸ್ಸು ಹೆಚ್ಚಿದ ಕಡೆಯಲ್ಲೆಲ್ಲ ಕ್ರಮೇಣ ಮಕ್ಕಳ ಸಂಖ್ಯೆ ಇಳಿದಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಒಬ್ಬ ತಾಯಿಗೆ ಸರಾಸರಿ 2 ಮಕ್ಕಳು. ಕರ್ನಾಟಕದಲ್ಲಿ 1.7. ಅಂದರೆ ನಾವೀಗ ಮೊದಲ ಮತ್ತು ಮೂರನೆಯ ಆಟದ ನಡುವೆ ಇದ್ದೇವೆ.

"ಹಾಗಿದ್ರೂ ಜನ ಹೆಚ್ಚಾಗ್ತಾನೇ ಇದ್ದಾರಲ್ಲ?" ಎಂದು ನೀವು ಕೇಳಬಹುದು. ವೇಗವಾಗಿ ಹೋಗುತ್ತಿರುವ ಬಸ್ಸು ಬ್ರೇಕ್ ಹಾಕಿದ ಜಾಗದಲ್ಲೇ ನಿಲ್ಲುವುದಿಲ್ಲ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಹಿಂದೆ ಹುಟ್ಟಿದ ದೊಡ್ಡ ತಲೆಮಾರುಗಳು ಈಗ ತಂದೆತಾಯಿಯರಾಗುವ ವಯಸ್ಸಿನಲ್ಲಿವೆ. ತಲಾ ಇಬ್ಬರೇ ಮಕ್ಕಳಾದರೂ ಒಟ್ಟು ದೊಡ್ಡದಾಗುತ್ತದೆ. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. 2022ರ ನವೆಂಬರಿನಲ್ಲಿ 800 ಕೋಟಿ ದಾಟಿದ ಪ್ರಪಂಚದ ಜನಸಂಖ್ಯೆ 2080ರ ದಶಕದಲ್ಲಿ ಸುಮಾರು 1,030 ಕೋಟಿಯಾಗಿ, ಅಲ್ಲಿಂದ ಇಳಿಮುಖವಾಗುತ್ತದೆ. ಇಂದು ಐದನೇ ತರಗತಿಯಲ್ಲಿರುವ ಮಕ್ಕಳು ಅಜ್ಜ ಅಜ್ಜಿಯಾಗುವ ಹೊತ್ತಿಗೆ ಆ ಬಸ್ಸು ನಿಂತಿರುತ್ತದೆ.

ಬೆಳ್ಳಿ ಬಟ್ಟಲು ಸಾಲದೇ ಹೋಯಿತು

ಆಯುಸ್ಸು ಬಹಳ ಹೆಚ್ಚಿದ ಊರು ಹೇಗಿರುತ್ತದೆ ಎಂದು ನೋಡಬೇಕಾದರೆ ಜಪಾನಿಗೆ ಹೋಗಬೇಕು. ಅಲ್ಲಿ ಸರಾಸರಿ ಆಯುಸ್ಸು ಸುಮಾರು 84 ವರ್ಷ. 1963ರಲ್ಲಿ ಅಲ್ಲಿನ ಸರ್ಕಾರ ಒಂದು ಚೆಂದದ ಪದ್ಧತಿ ಶುರುಮಾಡಿತು. ಆ ವರ್ಷ ನೂರು ತುಂಬಿದವರಿಗೆಲ್ಲ ಒಂದೊಂದು ಬೆಳ್ಳಿ ಬಟ್ಟಲಿನ ಉಡುಗೊರೆ. ಆಗ ಇಡೀ ದೇಶದಲ್ಲಿ ಶತಾಯುಷಿಗಳು ಇದ್ದದ್ದು 153 ಮಂದಿ. ವರ್ಷ ಕಳೆದಂತೆ ಸಂಖ್ಯೆ ಸಾವಿರವಾಯಿತು, ಹತ್ತು ಸಾವಿರವಾಯಿತು. ಬೆಳ್ಳಿಯ ಖರ್ಚು ಏರಿತು. 2016ರಿಂದ ಅಪ್ಪಟ ಬೆಳ್ಳಿ ಬಿಟ್ಟು ಬೆಳ್ಳಿ ಲೇಪದ ಬಟ್ಟಲು ಕೊಡುತ್ತಿದ್ದಾರೆ. 2025ರಲ್ಲಿ ಅಲ್ಲಿನ ಶತಾಯುಷಿಗಳ ಸಂಖ್ಯೆ 99 ಸಾವಿರ ದಾಟಿದೆ.

ಇಷ್ಟೊಂದು ಮಂದಿ ನೂರು ದಾಟಿದರೆ ಜಪಾನ್ ತುಂಬಿ ತುಳುಕುತ್ತಿರಬೇಕಲ್ಲ? ಆದದ್ದು ತಿರುವುಮುರುವು. 2008ರ ಸುಮಾರಿಗೆ 12 ಕೋಟಿ 80 ಲಕ್ಷ ಮುಟ್ಟಿದ್ದ ಅಲ್ಲಿನ ಜನಸಂಖ್ಯೆ ಅಲ್ಲಿಂದೀಚೆಗೆ ಇಳಿಯುತ್ತಿದೆ. 2024ರಲ್ಲಿ ಅಲ್ಲಿ ಹುಟ್ಟಿದ ಜಪಾನೀ ಮಕ್ಕಳು 7 ಲಕ್ಷಕ್ಕಿಂತ ಕಡಿಮೆ, ತೀರಿಕೊಂಡವರು 16 ಲಕ್ಷ. ಮಕ್ಕಳಿಲ್ಲದೆ ಹಳ್ಳಿಯ ಶಾಲೆಗಳು ಮುಚ್ಚುತ್ತಿವೆ. ವಾಸಿಸುವವರಿಲ್ಲದ ಮನೆಗಳು ಲಕ್ಷಗಟ್ಟಲೆ ಇವೆ. ಜಾಗ ಇದೆ, ಕೂರುವವರೇ ಕಡಿಮೆ. ಅಲ್ಲಿನವರ ಚಿಂತೆಯೇ ಬೇರೆ: ಹತ್ತು ಜನರಲ್ಲಿ ಸುಮಾರು ಮೂವರು 65 ದಾಟಿದವರಾದರೆ, ಅವರ ಕೈಹಿಡಿದು ನಡೆಸುವವರು ಯಾರು?

ಖಾಲಿಯಾಗದ ಮನೆ

ದೀರ್ಘಾಯುಷ್ಯದ ತೊಡಕು ಭೂಮಿ ತುಂಬುವುದಕ್ಕಿಂತ ಹೆಚ್ಚಾಗಿ ಇಂಥ ಕಡೆ ಇದೆ. ಇದಕ್ಕೆ ಫ್ರಾನ್ಸಿನ ಒಂದು ನಿಜ ಕಥೆ ಕೇಳಿ.

ಆರ್ಲ್ ಎಂಬ ಊರಿನಲ್ಲಿ ಜೀನ್ ಕಾಲ್ಮೆಂಟ್ ಎಂಬ ಅಜ್ಜಿ ಇದ್ದರು. ಹುಟ್ಟಿದ್ದು 1875ರಲ್ಲಿ. 1965ರಲ್ಲಿ, ಅವರಿಗೆ 90 ವರ್ಷವಾಗಿದ್ದಾಗ, 47 ವರ್ಷದ ವಕೀಲರೊಬ್ಬರು ಅವರ ಮನೆಗಾಗಿ ಒಂದು ಕರಾರು ಮಾಡಿಕೊಂಡರು. ಅಜ್ಜಿ ಇರುವವರೆಗೂ ವಕೀಲರು ತಿಂಗಳು ತಿಂಗಳು 2,500 ಫ್ರಾಂಕ್ ಕೊಡಬೇಕು, ಅಜ್ಜಿ ತೀರಿಕೊಂಡ ಮೇಲೆ ಮನೆ ವಕೀಲರದ್ದು. ತೊಂಬತ್ತರ ಅಜ್ಜಿ ಇನ್ನೆಷ್ಟು ದಿನ ಎಂದುಕೊಂಡಿರಬೇಕು! ಮೂವತ್ತು ವರ್ಷ ಹಣ ಕಟ್ಟಿ 1995ರಲ್ಲಿ ತೀರಿಕೊಂಡದ್ದು ವಕೀಲರೇ. ಅವರ ಮನೆಯವರು ಮುಂದೆಯೂ ಕಟ್ಟಬೇಕಾಯಿತು. ಅಜ್ಜಿ 1997ರವರೆಗೆ ಬಾಳಿದರು. 122 ವರ್ಷ, 164 ದಿನ. ದಾಖಲೆ ಇರುವ ಮನುಷ್ಯರಲ್ಲಿ ಇಂದಿಗೂ ಅದೇ ಅತಿ ದೀರ್ಘ ಆಯುಸ್ಸು.

ಒಬ್ಬ ಅಜ್ಜಿಯ ಕಥೆ ಕೇಳಿದರೆ ನಗು ಬರುತ್ತದೆ. ಎಲ್ಲರೂ ಹಾಗೆ ಬಾಳಿದರೆ ಯೋಚಿಸಬೇಕಾಗುತ್ತದೆ. ಅಪ್ಪನಿಗೆ 120 ಆಗುವವರೆಗೆ ಜಮೀನು ಮಗನ ಕೈಗೆ ಬರದಿದ್ದರೆ, ಮಗನಿಗೆ ಆಗ 95! ಮೇಷ್ಟ್ರು ನೂರು ವರ್ಷದವರೆಗೆ ನಿವೃತ್ತರಾಗದಿದ್ದರೆ ಹೊಸ ಮೇಷ್ಟ್ರಿಗೆ ಕೆಲಸ ಎಲ್ಲಿ? ಅರವತ್ತಕ್ಕೇ ನಿವೃತ್ತರಾದರೆ ತೊಂಬತ್ತು ವರ್ಷ ಪಿಂಚಣಿ ಕೊಡುವವರು ಯಾರು? ಆಯುಸ್ಸು ಹೆಚ್ಚಿ, ಆರೋಗ್ಯ ಹೆಚ್ಚದೆ ಹಾಸಿಗೆ ಹಿಡಿದು ಐವತ್ತು ವರ್ಷ ಕಳೆಯುವಂತಾದರೆ ಅದು ವರವೋ, ಶಾಪವೋ? ಪಂಕ್ತಿಯ ಮಾತು ಇಲ್ಲಿ ಸರಿಹೊಂದುತ್ತದೆ. ಊಟ ಮುಗಿದ ಮೇಲೆ ಎಲೆಯ ಮುಂದೆ ಸುಮ್ಮನೆ ಕೂರಬಾರದು. ಎದ್ದು ಬಡಿಸುವ ಕೆಲಸಕ್ಕೆ ಸೇರಬಹುದಲ್ಲ?

ಭಾರ ಯಾವುದು?

ನಮ್ಮಲ್ಲೇ ಹಾಗೆ ಬಡಿಸುತ್ತ ಬಾಳಿದವರಿದ್ದಾರೆ. ನೂರು ದಾಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತೊಂಬತ್ತರ ಗಡಿಯಲ್ಲಿದ್ದಾಗಲೂ ಬಿಹಾರಕ್ಕೆ ಹೋಗಿ, ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಪರಿಶೀಲಿಸಿ ಸಲಹೆ ಕೊಟ್ಟರು. 2025ರ ನವೆಂಬರಿನಲ್ಲಿ 114ನೇ ವಯಸ್ಸಿನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನವರೊಂದಿಗೆ ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ಅವರನ್ನು ಭೂಮಿಗೆ ಭಾರ ಎನ್ನಲು ಯಾರಿಗಾದರೂ ಬಾಯಿ ಬಂದೀತೇ?

ಭೂಮಿಗೆ ಆಗುವ ಭಾರವನ್ನು ತಲೆ ಎಣಿಸಿ ಮಾತ್ರ ಅಳೆಯಲಾಗದು. ಒಬ್ಬೊಬ್ಬರು ಎಷ್ಟು ನೀರು ಚೆಲ್ಲುತ್ತಾರೆ, ಎಷ್ಟು ಪ್ಲಾಸ್ಟಿಕ್ ಎಸೆಯುತ್ತಾರೆ, ಎಷ್ಟು ಪೆಟ್ರೋಲು ಸುಡುತ್ತಾರೆ ಎಂಬುದನ್ನೂ ನೋಡಬೇಕು. ಹಳೆಯ ಸೀರೆಯಲ್ಲಿ ಕೌದಿ ಹೊಲಿಯುವ, ಅಕ್ಕಿ ತೊಳೆದ ನೀರನ್ನು ತುಳಸಿ ಗಿಡಕ್ಕೆ ಹಾಕುವ ಅಜ್ಜಿ ನೂರೈವತ್ತು ವರ್ಷ ಬಾಳಿದರೂ ಭೂಮಿಗೆ ಅಷ್ಟೇನೂ ಭಾರವಾಗಲಾರರು.

ಮುಂದಿನ ಭಾನುವಾರ ಮೊಮ್ಮಗಳು ಸೇರು, ಪಾವು, ಚಟಾಕುಗಳನ್ನು ಚೀಲದಲ್ಲಿ ತುಂಬಿಕೊಂಡು ಅಣ್ಣನ ಮನೆಗೆ ಬಂದಳು. ಜಗಲಿಯ ಮೇಲೆ ಅವನೆದುರಿಗೇ ಮೂರು ಆಟವನ್ನೂ ಆಡಿ ತೋರಿಸಿದಳು. ಅಣ್ಣ ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದ. ಆಮೇಲೆ ಕೇಳಿದ, "ಇದರಲ್ಲಿ ನಾನೆಲ್ಲಿದ್ದೀನಿ ಪುಟ್ಟಿ?"

"ನೀವು ಮೊದಲನೇ ಸೇರು, ದೊಡ್ಡ ತಾತ. ನಿಮ್ಮನ್ನ ಇಡದೇ ಇದ್ರೆ ಆಟಾನೇ ಶುರುವಾಗಲ್ಲ."

ಅಣ್ಣ ಏನೂ ಹೇಳಲಿಲ್ಲ. ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿ ಅವಳ ಸೇರಿಗೆ ಹಾಕುತ್ತ ಕುಳಿತ.

ನೀವೂ ಮಾಡಿ ನೋಡಿ

ಮಕ್ಕಳೇ, ಈ ಭಾನುವಾರ ಅಜ್ಜಿ ಅಥವಾ ತಾತನ ಪಕ್ಕ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ. ಅವರ ಅಪ್ಪ ಅಮ್ಮನಿಗೆ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು? ಉಳಿದವರಿಗೆಲ್ಲ ಒಟ್ಟು ಎಷ್ಟು ಮಕ್ಕಳು? ಆ ಮಕ್ಕಳಿಗೆಲ್ಲ ಒಟ್ಟು ಎಷ್ಟು ಮಕ್ಕಳು? ನಮ್ಮ ಮನೆಯ ಲೆಕ್ಕ ಹೀಗಿದೆ: ಹುಟ್ಟಿದವರು 9, ಉಳಿದವರು 6, ಅವರ ಮಕ್ಕಳು 13, ಮೊಮ್ಮಕ್ಕಳು 14. ನಿಮ್ಮ ಮನೆಯದು ಯಾವ ಆಟಕ್ಕೆ ಹೊಂದುತ್ತದೆ ನೋಡಿ. ಉಳಿಯದೇ ಹೋದವರ ಹೆಸರು ಅಜ್ಜಿಗೆ ನೆನಪಿದ್ದರೆ ಅದನ್ನೂ ಕೇಳಿ ಬರೆದಿಡಿ.